ಸೌದೆಯಿಲ್ಲದ ಬಿಸಿನೀರಿಗೆ ಅಕ್ಕನ ಜೊತೆ

ಕೊಳ್ಳೇಗಾಲ

ನನ್ನ ಅಕ್ಕ ಸಿದ್ದಮ್ಮನಿಗೆ ಹಿಮಾಲಯ ಬೇಕಾಗಿರಲಿಲ್ಲ. ಅಲ್ಲಿನ ಹಿಮವೂ ಬೇಕಾಗಿರಲಿಲ್ಲ, ತಪಸ್ಸಿಗೆ ಕೂತವರ ದರ್ಶನವೂ ಬೇಕಾಗಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದು ಸ್ನಾನ. ಅದಕ್ಕಾಗಿ ನಾವಿಬ್ಬರೂ ದೇಶದ ಗಡಿ ದಾಟಿ, ನಾಲ್ಕು ದಿನ ಬೆಟ್ಟ ಹತ್ತಿ ಇಳಿದೆವು ಅಂದರೆ ನಮ್ಮ ಡಿಪೋದಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. "ಸ್ನಾನಕ್ಕಾ? ಪಕ್ಕದಲ್ಲೇ ಕಾವೇರಿ ಅರೀತಾವ್ಳಲ್ಲೋ ಮಾರಾಯ" ಎಂದು ನಗುತ್ತಾರೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಆಗ ಕೊಳ್ಳೇಗಾಲ–ಹನೂರು ರೂಟಿನ ಬಸ್ಸಿನಲ್ಲಿ ಕಂಡಕ್ಟರ್. ಅಕ್ಕನ ಗಂಡನ ಮನೆ ಕೊಳ್ಳೇಗಾಲದಲ್ಲೇ ರೇಷ್ಮೆ ನೂಲು ಬಿಚ್ಚುವ ಮನೆ. ಗೂಡನ್ನು ಕುದಿಯುವ ನೀರಿಗೆ ಹಾಕಿ, ಬೆರಳಿನಿಂದ ಎಳೆ ಹುಡುಕಿ ಚರಕಕ್ಕೆ ಕೊಡುವುದು ಅವಳ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದ್ದಾಳೆ. ಆ ಒಲೆಗೆ ಸೌದೆ ತುಂಬುವವಳೂ ಅವಳೇ. ಅದು ಆರಿದರೆ ಬಚ್ಚಲ ಹಂಡೆಯ ಒಲೆ ಹತ್ತಬೇಕು. ಮಾವ, ಗಂಡ, ಮೈದುನರು, ಓರಗಿತ್ತಿಯರು, ಮಕ್ಕಳು, ಬಾಣಂತಿಯರು, ಎಲ್ಲರಿಗೂ ನೀರು ಕಾಯಿಸಿ ಸ್ನಾನ ಮಾಡಿಸಿದ ಮೇಲೆ ಹಂಡೆಯ ತಳದಲ್ಲಿ ಉಳಿದದ್ದು ಅವಳಿಗೆ. ನಮ್ಮವ್ವ ತೀರಿಕೊಂಡಾಗ ಏಳು ವರ್ಷದವನಾಗಿದ್ದ ನನ್ನನ್ನು ಅವಳೇ ಆ ಮನೆಗೆ ಕರೆದುಕೊಂಡು ಹೋಗಿ ಸಾಕಿದಳು. ಅವಳ ಪಾಲಿನ ನೀರು ಖಾಲಿ ಮಾಡಿದವರಲ್ಲಿ ನಾನೂ ಒಬ್ಬ.

ಹೀಗಿರುವಾಗ ಧನಗೆರೆಯ ಪುಟ್ಟಪ್ಪ, ಬಾವನ ದಾಯಾದಿ, ಕಾಶಿಗೆ ಹೋದವನು ಹಾಗೇ ಮುಂದುವರಿದು ನೇಪಾಳದ ಮುಕ್ತಿನಾಥವನ್ನೂ ನೋಡಿಕೊಂಡು ಬಂದ. ಪ್ರಸಾದ ಹಂಚಲು ಬಂದಾಗ ಮನೆಮಂದಿಯೆಲ್ಲ ದೇವರ ಮಹಿಮೆ ಕೇಳುತ್ತ ಕೂತರು. ದಾರಿಯಲ್ಲಿ ತಾತೋಪಾನಿ ಅಂತ ಒಂದು ಊರಿದೆ, ಅಲ್ಲಿ ನೆಲದಿಂದಲೇ ಬಿಸಿನೀರು ಉಕ್ಕುತ್ತದೆ ಎಂದು ಅವನು ಹೇಳಿದ್ದೇ ತಡ, ಒಲೆಯ ಮುಂದೆ ಕೂತಿದ್ದ ಅಕ್ಕ ಎದ್ದು ಬಂದಳು.

"ಸೌದೆ?" ಎಂದಳು.

"ಸೌದೆ ಯಾಕವ್ವ? ಭೂಮ್ತಾಯೇ ಕಾಯ್ಸಿ ಕೊಡ್ತಾಳೆ."

"ಬೂದಿ ಎತ್ತೋರು ಯಾರು?"

"ಬೂದೀನೇ ಬೀಳಕಿಲ್ಲ ಕಣವ್ವ."

ಅಕ್ಕ ಒಲೆಯ ಮುಂದಕ್ಕೆ ವಾಪಸ್ಸು ಹೋದಳು. ಮೂರು ದಿನ ಬಿಟ್ಟು ಬಸ್ ಸ್ಟ್ಯಾಂಡಿಗೇ ಬಂದು, ನನ್ನ ಗಾಡಿಯ ಕಿಟಕಿಯ ಹತ್ತಿರ ನಿಂತು, "ಲೇ ಮಾದೇವ, ನನ್ನ ಅಲ್ಲಿಗೆ ಕರ್ಕಂಡು ಓಗ್ಲಾ. ಸಾಯೋದ್ರೊಳಗೆ ಒಂದೇ ಒಂದ್ಸಲ, ಯಾರೂ ಕಾಯ್ಸದೆ ಇರೋ ನೀರ್ನಲ್ಲಿ ಮೀಯಬೇಕು" ಎಂದಳು. ತನಗಾಗಿ ಅವಳು ಯಾರನ್ನೂ ಏನನ್ನೂ ಕೇಳಿದ್ದು ನಾನು ಕಂಡಿರಲಿಲ್ಲ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. "ಆಯ್ತಕ್ಕ" ಎಂದುಬಿಟ್ಟೆ.

ಬಾವನಿಗೆ ಸ್ನಾನ ಎನ್ನಲಿಲ್ಲ, ಕಾಶಿ ಎಂದೆವು. ಕಾಶಿಗೆ ಬೇಡ ಎನ್ನುವ ಧೈರ್ಯ ಯಾರಿಗಿದೆ? ಹೊಸ ಗೂಡು ಮನೆಗೆ ಬರುವ ಹೊತ್ತಿಗೆ ವಾಪಸ್ಸು ಬರಬೇಕು ಎಂಬ ಒಂದೇ ಷರತ್ತು ಹಾಕಿ ಕಳಿಸಿದರು.

ಗಡಿ

ಕಾಶಿಯಲ್ಲಿ ಗಂಗೆಗೆ ಇಳಿದು ಬಾವನ ಮಾತು ಉಳಿಸಿದೆವು. ಅಕ್ಕ ಮೂರು ಮುಳುಗು ಹಾಕಿ, ನಡುಗುತ್ತ ಮೇಲೆ ಬಂದು, "ಪುಣ್ಯ ಬಂತು, ನಡಿ" ಎಂದಳು. ಅವಳ ಧ್ಯಾನವೆಲ್ಲ ಮುಂದಿನ ನೀರಿನ ಮೇಲಿತ್ತು.

ನೇಪಾಳದ ಗಡಿಯಲ್ಲಿ ಒಂದು ಮೇಜು, ಅದರ ಹಿಂದೆ ದಪ್ಪ ಮೀಸೆಯ ಒಬ್ಬ ತಪಾಸಣೆಯವನು. ಆ ದಾರಿಯಲ್ಲಿ ಹಿಪ್ಪಿಗಳ ಓಡಾಟ ಜಾಸ್ತಿ. ಯಾರ ಚೀಲದಲ್ಲಿ ಯಾವ ಸೊಪ್ಪು, ಯಾವ ಪುಡಿ ಇದೆಯೋ ಎಂದು ಅವನು ಎಲ್ಲವನ್ನೂ ಬಿಚ್ಚಿಸುತ್ತಿದ್ದ. ನಾನು ಸರ್ಕಾರಿ ನೌಕರ, ನಮಗೇನು ಭಯ ಎಂದು ಎದೆ ಸೆಟೆಸಿ ನಿಂತೆ. ಅಕ್ಕನ ಗಂಟು ಬಿಚ್ಚಿದರೆ ಹೊರಬಂದದ್ದು ಎರಡು ಸೀರೆ, ಒಂದು ಚೊಂಬು, ಒಂದು ಶೀಷೆ ಹರಳೆಣ್ಣೆ, ಮತ್ತು ಮೂರು ಸೇರಾಗುವಷ್ಟು ಕಂದು ಬಣ್ಣದ ಪುಡಿಯ ಮೂಟೆ.

"ಯೇ ಕ್ಯಾ ಹೈ?"

ಸೀಗೆಪುಡಿಗೆ ಹಿಂದಿಯಲ್ಲಿ ಏನನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ತಲೆ ತೋರಿಸಿದೆ, ಉಜ್ಜಿ ತೋರಿಸಿದೆ, ಕಣ್ಣು ಮುಚ್ಚಿ ಸುಖಪಟ್ಟಂತೆ ಮಾಡಿದೆ. ನಾನು ಹಾಗೆ ಕಣ್ಣು ಮುಚ್ಚಿದ್ದೇ ತಪ್ಪಾಯಿತು. ಅವನಿಗೆ ಅನುಮಾನ ಗಟ್ಟಿಯಾಗಿ, ಒಂದು ಚಿಟಿಕೆ ತೆಗೆದು ಮೂಗಿಗೆ ಹಿಡಿದು ಜೋರಾಗಿ ಎಳೆದ.

"ಅಯ್ಯೋ, ಮೂಸ್ಬ್ಯಾಡ ಕಣಪ್ಪಾ!" ಎಂದು ಅಕ್ಕ ಕೂಗುವಷ್ಟರಲ್ಲಿ ಮುಗಿದೇ ಹೋಯಿತು. ಎಷ್ಟು ಸೀನಿದ ಎಂದು ಲೆಕ್ಕ ಇಡಲಾಗಲಿಲ್ಲ. ಮೇಜಿನ ಮೇಲಿನ ಕಾಗದಗಳೆಲ್ಲ ಹಾರಿದವು. ಕಣ್ಣು ಮೂಗು ಎರಡೂ ಹರಿಯುತ್ತಿದ್ದ ಅವನ ಬೆನ್ನನ್ನು ಅಕ್ಕ ಸವರಿ, ಚೊಂಬಿನಲ್ಲಿ ನೀರು ತರಿಸಿ ಮುಖ ತೊಳೆಸಿದಳು. ಅವನು ಮಾತಾಡಲಾರದೆ ಕೈಯಲ್ಲೇ ಹೋಗಿ ಹೋಗಿ ಎಂದ. ಹೀಗೆ ನಾವು ಪರದೇಶ ಪ್ರವೇಶ ಮಾಡಿದೆವು.

ಪೊಖರಾ

ಪೊಖರಾದ ಕೆರೆಯ ದಡದಲ್ಲಿ ಬಿಳಿಯರದೇ ಒಂದು ಹಳ್ಳಿ. ನಮ್ಮ ಕಡೆ ದನದ ಕೊಟ್ಟಿಗೆ ಎನ್ನುವಂಥ ಮನೆಗಳಿಗೆ ಬಣ್ಣದ ಬೋರ್ಡು ಬರೆದು ಹೋಟೆಲು ಎಂದಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಕಟ್ಟುಮಸ್ತಾದ ಗಂಡಸರು ಚಾಪೆ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಹೆಂಗಸರ ತಲೆಗೂದಲು ಬಾಚಣಿಗೆ ಕಂಡು ಎಷ್ಟು ಕಾಲವಾಗಿತ್ತೋ. ಕೆರೆಯ ಆಚೆ ಬೆಳ್ಳಗೆ ಆಕಾಶಕ್ಕೆ ಎದ್ದು ನಿಂತ ಹಿಮದ ಬೆಟ್ಟ ನೋಡಿ ನಾನು ಕೈಮುಗಿದು ನಿಂತಿದ್ದರೆ, ಅಕ್ಕ, "ಎಷ್ಟು ಸೌದೆ ಉರುದ್ರೆ ಇಷ್ಟು ಬೂದಿ ಬೀಳ್ತದೆ ಅಂತೀಯ?" ಎಂದಳು. ಆಮೇಲೆ ಆ ಬಿಳಿಯರ ಕಡೆ ತಿರುಗಿ, "ಪಾಪ, ಇವ್ರ ಮನೇಲಿ ನೀರು ಕಾಯ್ಸೋರು ಯಾರೂ ಇಲ್ವೇನ್ಲಾ?" ಎಂದು ನಿಜವಾಗಿಯೂ ಮರುಗಿದಳು.

ಮರುಗಿ ಸುಮ್ಮನಿರುವ ಜಾಯಮಾನ ಅವಳದಲ್ಲ. ನಾವಿಳಿದುಕೊಂಡಿದ್ದ ಮನೆಯ ಜಗಲಿಯಲ್ಲಿ ಜಡೆ ಗಂಟುಗಟ್ಟಿದ್ದ ಒಬ್ಬ ಹುಡುಗಿಯನ್ನು ಕೈ ಹಿಡಿದು ಕೂರಿಸಿಕೊಂಡು, ನೆತ್ತಿಗೆ ಹರಳೆಣ್ಣೆ ಒತ್ತಿ, ತಟ್ಟಿ, ತಿಕ್ಕಿ, ಒಂದು ಗಂಟೆ ಕಾಲ ಸಿಕ್ಕು ಬಿಡಿಸಿದಳು. ಹುಡುಗಿ ಮೊದಲು ಗಾಬರಿಯಾದಳು, ಆಮೇಲೆ ನಿದ್ದೆ ಹೋದಳು. ಮಾರನೆಯ ಬೆಳಿಗ್ಗೆ ನಾನು ಎದ್ದು ನೋಡಿದರೆ ಜಗಲಿಯಲ್ಲಿ ಐದು ಜನ ಬಿಳಿಯರು ಸಾಲಾಗಿ ತಲೆ ಬಗ್ಗಿಸಿ ಕೂತಿದ್ದಾರೆ. ಅವರ ಪಾಲಿಗೆ ಇದೂ ಒಂದು ಯೋಗ. ಹಿಮಾಲಯದ ಬಿಸಿನೀರಿಗೆಂದು ಕೊಳ್ಳೇಗಾಲದಿಂದ ಹೊತ್ತು ತಂದ ಎಣ್ಣೆ ಅಲ್ಲೇ ಖಾಲಿಯಾಯಿತು.

ಆ ಸಾಲಿನಲ್ಲಿ ಕೊನೆಗೆ ಕೂತಿದ್ದವನು ನನ್ನಷ್ಟೇ ವಯಸ್ಸಿನ, ತೆಂಗಿನ ಮರದಷ್ಟು ಎತ್ತರದ ಕೆಂಪುಗಡ್ಡದ ಆಸಾಮಿ. ಹೆಸರು ಯಾನ್. ಅಕ್ಕ ಅವನಿಗೆ ಕೆಂಪಯ್ಯ ಎಂದು ಹೆಸರಿಟ್ಟಳು, ಅವನು ಅದಕ್ಕೇ ಓಗೊಟ್ಟ. ಹಾಲೆಂಡಿನವನಂತೆ, ಅಲ್ಲಿ ಟ್ರಾಮ್ ಓಡಿಸುತ್ತಿದ್ದನಂತೆ. ನಾನು ಬಸ್ ಕಂಡಕ್ಟರ್ ಎಂದು ಹೇಳಿದಾಗ ಅವನು ಎದ್ದು ನನ್ನನ್ನು ಅಪ್ಪಿಕೊಂಡ. ನನ್ನ ಇಂಗ್ಲಿಷು ಟಿಕೆಟ್ಟಿನಷ್ಟೇ ಗಾತ್ರದ್ದಾದರೂ ಒಂದೇ ಕಸುಬಿನವರಿಗೆ ಅಷ್ಟು ಸಾಕು. ಮುಂದೆ ಒರಗಿ ನಿಲ್ಲುವವರು, ಬಾಗಿಲಲ್ಲಿ ನೇತಾಡುವವರು, ಸ್ಟಾಪ್ ದಾಟಿದ ಮೇಲೆ ಕೂಗುವವರು ಹಾಲೆಂಡಿನಲ್ಲೂ ಇದ್ದಾರೆ ಎಂದು ತಿಳಿದು ನನಗೆ ಬಹಳ ಸಮಾಧಾನವಾಯಿತು.

"ತಾತೋಪಾನಿಗೆ ಬಸ್ ಎಷ್ಟು ಹೊತ್ತಿಗೆ?" ಎಂದು ಅವನನ್ನೇ ಕೇಳಿದೆ.

ಅವನು ತನ್ನ ಎರಡು ಕಾಲನ್ನು ತೋರಿಸಿದ. ನಾಲ್ಕು ಬೆರಳೆತ್ತಿದ. ಅವನೂ ಅಲ್ಲಿಗೇ ಹೊರಟಿದ್ದ.

ಪುಟ್ಟಪ್ಪ ಊರಿನಲ್ಲಿ ಎಲ್ಲವನ್ನೂ ಹೇಳಿದ್ದ, ಬಸ್ಸಿಲ್ಲ ಎನ್ನುವುದನ್ನು ಮಾತ್ರ ಹೇಳಿರಲಿಲ್ಲ. ಹದಿನಾರು ವರ್ಷ ಬಸ್ಸಿನಲ್ಲೇ ಬದುಕಿದ ನಾನು ಡಿಪೋದಿಂದ ಮನೆಗೂ ಯಾರದಾದರೂ ಸೈಕಲ್ ಹತ್ತುತ್ತಿದ್ದವನು. "ವಾಪಸ್ ಓಗವಾ ಅಕ್ಕ?" ಎಂದೆ. ಅವಳು ಆಗಲೇ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳುತ್ತಿದ್ದಳು.

ಮೆಟ್ಟಿಲು

ಮಾದಪ್ಪನ ಬೆಟ್ಟಕ್ಕೆ ನಡೆದು ಹೋದವರಿಗೆ ಹತ್ತುವುದು ಅಂದರೇನು ಎಂದು ಗೊತ್ತಿರುತ್ತದೆ. ಆದರೆ ಅಲ್ಲಿ ಹತ್ತಿದ ಮೇಲೆ ಮಾದಪ್ಪ ಸಿಗುತ್ತಾನೆ. ಇಲ್ಲಿ ಉಲ್ಲೇರಿ ಎಂಬ ಊರಿಗೆ ಸಾವಿರಾರು ಕಲ್ಲು ಮೆಟ್ಟಿಲು ಹತ್ತಿ ಮೇಲೆ ಹೋದರೆ, ಸಿಗುವುದು ಮುಂದಿನ ಮೆಟ್ಟಿಲು. ನಾನು ಹತ್ತು ಮೆಟ್ಟಿಲಿಗೊಂದು ಸಲ ಕೂರುತ್ತಿದ್ದೆ. ಬರಿಗಾಲಿನ ಅಕ್ಕ ಮೇಲಿನಿಂದ ಬಗ್ಗಿ ನೋಡಿ, "ಎದ್ದೇಳ್ಲಾ, ಕಾಮಗೆರೆಗೂ ಬಂದಿಲ್ಲ, ಆಗ್ಲೇ ಕುಂತ್ಕಂಡ!" ಎಂದು ನನ್ನ ರೂಟಿನ ಸ್ಟಾಪನ್ನೇ ಎತ್ತಿ ಹಂಗಿಸುತ್ತಿದ್ದಳು. ದಿನವಿಡೀ ಗೂಡು ಬೇಯಿಸುವ ಬಾಂಡ್ಲಿಯ ಮುಂದೆ ಕೂತವಳಿಗೆ ನಡೆಯುವುದೇ ವಿಶ್ರಾಂತಿಯಾಗಿತ್ತೋ ಏನೋ.

ಅಲ್ಲಿನ ಸಾರಿಗೆ ಸಂಸ್ಥೆ ಎಂದರೆ ಹೇಸರಗತ್ತೆ. ಕೊರಳಿಗೆ ಗಂಟೆ, ನೆತ್ತಿಗೆ ಕೆಂಪು ಕುಚ್ಚು ಕಟ್ಟಿಕೊಂಡು ಇಪ್ಪತ್ತು ಮೂವತ್ತು ಒಟ್ಟಿಗೆ ಬರುತ್ತವೆ. ಅವು ಬಂದರೆ ಬೆಟ್ಟದ ಕಡೆಗೆ ಒರಗಿ ನಿಲ್ಲಬೇಕು, ಕಮರಿಯ ಕಡೆಗೆ ನಿಂತರೆ ತಳ್ಳಿಬಿಡುತ್ತವೆ ಎಂದು ಕೆಂಪಯ್ಯ ಹೇಳಿಕೊಟ್ಟಿದ್ದ. ನನಗೆ ಬುದ್ಧಿ ಎಲ್ಲಿ? ಸಾಲು ತಪ್ಪಿ ನುಗ್ಗುತ್ತಿದ್ದ ಒಂದು ಹೇಸರಗತ್ತೆಯನ್ನು ಕಂಡು ಕೈ ಅಡ್ಡ ಇಟ್ಟು, "ಏಯ್, ಒಂದೊಂದಾಗಿ ಬನ್ರಪ್ಪ" ಎಂದೆ. ಅದು ನನ್ನನ್ನು ಎತ್ತಿ ತುರಿಚೆ ಗಿಡದ ಪೊದೆಯೊಳಗೆ ಹಾಕಿ, ತಿರುಗಿಯೂ ನೋಡದೆ ಹೋಯಿತು. ಆ ದಿನವೆಲ್ಲ ಮೈ ಕೆರೆದುಕೊಂಡೇ ನಡೆದೆ. ಪುಣ್ಯಕ್ಕೆ ಅದು ಬೆಟ್ಟದ ಕಡೆಯ ಪೊದೆ.

ತಾತೋಪಾನಿ, ಮೊದಲ ದಿನ

ನಾಲ್ಕನೆಯ ದಿನ ಬೆಳಿಗ್ಗೆ ಊರು ಸಿಕ್ಕಿತು. ಕೆಳಗೆ ಬೂದುಬಣ್ಣದ ನದಿ ಬೊಬ್ಬೆ ಹೊಡೆಯುತ್ತಿತ್ತು. ದಡದ ಬಂಡೆಗಳ ನಡುವೆ ಕಲ್ಲು ಕಟ್ಟಿ ಮಾಡಿದ ಹೊಂಡಗಳಿಂದ ಹಬೆ ಏಳುತ್ತಿತ್ತು. ಅಕ್ಕ ಗಂಟು ಬಿಸಾಕಿ ಇಳಿಜಾರಿನಲ್ಲಿ ಓಡಿದಳು. ಐವತ್ತು ದಾಟಿದವಳು ಹಾಗೆ ಓಡಿದ್ದು ನೋಡಿ ನನ್ನ ಕಾಲುನೋವೆಲ್ಲ ಇಳಿದುಹೋಯಿತು.

ಓಡಿದವಳು ಅಷ್ಟೇ ಬೇಗ ಸೆರಗು ಮುಖಕ್ಕೆ ಹಾಕಿಕೊಂಡು ತಿರುಗಿ ಬಂದಳು. ದೊಡ್ಡ ಹೊಂಡದ ತುಂಬ ಬಿಳಿಯರು, ಗಂಡು ಹೆಣ್ಣು ಒಟ್ಟಿಗೆ. ರೇಷ್ಮೆಯ ಮನೆಯ ನನ್ನಕ್ಕ ಮೈಮೇಲೆ ಒಂದೆಳೆ ನೂಲೂ ಇಲ್ಲದ ಜನರನ್ನು ಜೀವನದಲ್ಲಿ ಮೊದಲ ಸಲ ಕಂಡಿದ್ದಳು. "ಲೇ, ಅದ್ರಲ್ಲಿ ನಾನು ಎಣ್ಣೆ ಅಚ್ಚಿದ ಹುಡುಗೀನೂ ಕುಂತವ್ಳಲ್ಲೋ!" ಎಂದಳು.

ತುಸು ದೂರದಲ್ಲಿ ಬಂಡೆಯ ಮರೆಗೆ ಇನ್ನೊಂದು ಹೊಂಡವಿತ್ತು. ಅದರಲ್ಲಿ ಯಾರೂ ಇರಲಿಲ್ಲ. ಇಷ್ಟು ಜನ ಇಕ್ಕಟ್ಟಿನಲ್ಲಿ ಕೂತಿರುವಾಗ ಅದೊಂದು ಯಾಕೆ ಖಾಲಿ ಎಂದು ಕಂಡಕ್ಟರ್ ಆದವನು ಯೋಚಿಸಬೇಕಿತ್ತು. ಜನ ಬಾಗಿಲಲ್ಲಿ ನೇತಾಡುತ್ತಿರುವಾಗ ಒಂದು ಸೀಟು ಖಾಲಿ ಇದೆ ಅಂದರೆ ಆ ಸೀಟಿನ ಮೇಲೆ ಏನೋ ಚೆಲ್ಲಿದೆ ಎಂದೇ ಅರ್ಥ. ನಾನು ಯೋಚಿಸಲಿಲ್ಲ.

ಅಕ್ಕ ಬಗ್ಗಿ ನಾಲ್ಕು ಬೆರಳು ಅದ್ದಿ, ನಿಧಾನವಾಗಿ ಆಡಿಸಿ ನೋಡಿದಳು. "ಉಗುರು ಬೆಚ್ಚಗದೆ. ನೀನು ಮೊದ್ಲು ಇಳಿ, ಆಳ ಎಷ್ಟದೆ ನೋಡು" ಎಂದಳು.

ಚಿಕ್ಕಂದಿನಿಂದ ಅವಳ ಬೆರಳು ಸರಿ ಎಂದ ನೀರಿಗೆ ತಲೆ ಕೊಟ್ಟವನು ನಾನು. ಪಂಚೆ ಎತ್ತಿ ಕಟ್ಟಿ ಎರಡೂ ಕಾಲು ಒಟ್ಟಿಗೆ ಹಾಕಿ ಧುಮುಕಿದೆ.

ಆಮೇಲೆ ನಾನು ಹಾಕಿದ ಕೂಗು ನಮ್ಮ ಯಳಂದೂರಿಗೂ ಕೇಳಿಸಿರಬೇಕು. ಇಳಿದದ್ದಕ್ಕಿಂತ ಬೇಗ ಮೇಲೆ ಹಾರಿದ್ದೆ, ಆದರೂ ಮೊಣಕಾಲಿನವರೆಗೆ ಕೆಂಪಗೆ ಬೆಂದಿತ್ತು. ಭೂಮಿಯಿಂದ ನೀರು ನೇರವಾಗಿ ಉಕ್ಕುವ ಬುಗ್ಗೆಯೇ ಅದು. ಊರಿನವರು ಅದರಲ್ಲಿ ಮೊಟ್ಟೆ ಬೇಯಿಸುತ್ತಾರಂತೆ! ನನ್ನ ಕೂಗು ಕೇಳಿ ದೊಡ್ಡ ಹೊಂಡದ ಜನವೆಲ್ಲ ಇದ್ದ ಹಾಗೇ ಎದ್ದು ನೆರವಿಗೆ ಓಡಿ ಬಂದರು. ಒಬ್ಬ ಕೈ ಹಿಡಿದ, ಒಬ್ಬಳು ಕಾಲು ಹಿಡಿದಳು, ಕೆಂಪಯ್ಯ ನನ್ನನ್ನು ಎತ್ತಿಕೊಂಡೇ ಹೋಗಿ ತಣ್ಣನೆಯ ನದಿಯಲ್ಲಿ ಕಾಲು ಇಳಿಬಿಟ್ಟು ಕೂರಿಸಿದ. ನೋವಿಗಿಂತ ನಾಚಿಕೆಯೇ ಹೆಚ್ಚಾಗಿ ನಾನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದೆ.

ಕಣ್ಣು ಬಿಟ್ಟಾಗ ಅಕ್ಕ ಆ ಬುಗ್ಗೆಯ ಪಕ್ಕದಲ್ಲೇ ಕೂತಿದ್ದಳು. ಮತ್ತೆ ಬೆರಳು ಅದ್ದುತ್ತಿದ್ದಳು, ತೆಗೆಯುತ್ತಿದ್ದಳು, ನೋಡುತ್ತಿದ್ದಳು, ಮತ್ತೆ ಅದ್ದುತ್ತಿದ್ದಳು. ಮೂವತ್ತು ವರ್ಷ ಕುದಿಯುವ ನೀರಿನಲ್ಲಿ ಎಳೆ ಹುಡುಕಿದ ಆ ಬೆರಳುಗಳಿಗೆ ಬಿಸಿ ಎನ್ನುವುದೇ ಗೊತ್ತಾಗುತ್ತಿರಲಿಲ್ಲ. ಮನೆಯ ಹಂಡೆಗೆ ಎಷ್ಟು ಸೌದೆ, ಎಷ್ಟು ತಣ್ಣೀರು ಎಂಬುದು ಅಭ್ಯಾಸವಾಗಿದ್ದರಿಂದ ಅದು ಅವಳಿಗೂ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಮಧ್ಯಾಹ್ನ ಉಳಿದುಕೊಂಡ ಮನೆಯಲ್ಲಿ ಅವಳು ಊಟ ಮುಟ್ಟಲಿಲ್ಲ. ಆ ಮನೆಯ ಯಜಮಾನಿಯನ್ನು ಎಲ್ಲರೂ ದೀದಿ ಎನ್ನುತ್ತಿದ್ದರು. ದೀದಿ ನನ್ನ ಕಾಲಿಗೆ ಏನೋ ಸೊಪ್ಪಿನ ರಸ ಹಚ್ಚಿದಳು. ಅಕ್ಕ ದೂರ ಗೋಡೆಗೆ ಒರಗಿ ಕೂತು, "ನನ್ನ ಕೈಯಾರ ನಿನ್ನ ಕಾಲು ಬೇಯ್ಸಿಬುಟ್ಟೆ" ಎಂದಳು.

"ಬಿಡಕ್ಕ, ಒಂದು ಬೊಬ್ಬೆ ಎದ್ದದೆ ಅಷ್ಟೇಯ. ಸಾಯಂಕಾಲ ನೀನು ಸ್ನಾನ ಮಾಡು."

"ನಂಗೆ ಸ್ನಾನವೂ ಬ್ಯಾಡ, ಗೀನವೂ ಬ್ಯಾಡ. ಬೆಳಿಗ್ಗೆ ಎದ್ದು ಊರಿಗೋಗವ. ಗೂಡು ಬರೋ ಹೊತ್ತಾಯ್ತು." ಇಷ್ಟು ಹೇಳಿ ಅವಳು ತನ್ನ ಎರಡು ಕೈಯನ್ನೂ ಸೆರಗಿನೊಳಗೆ ಸುತ್ತಿಕೊಂಡಳು. ನನಗೆ ತಡೆಯಲಾಗಲಿಲ್ಲ. ಕಾಲಿನ ಉರಿ ಎಂದು ಸುಳ್ಳು ಹೇಳಿ ಅತ್ತುಬಿಟ್ಟೆ.

ತಾತೋಪಾನಿ, ಎರಡನೆಯ ಬೆಳಗು

ಬೆಳಿಗ್ಗೆ ಎದ್ದವನೇ ಕುಂಟುತ್ತ ದೊಡ್ಡ ಹೊಂಡದ ಹತ್ತಿರ ಹೋದೆ. ಬಿಳಿಯರು ಆಗಲೇ ಕೂತಿದ್ದರು. ಕೆಂಪಯ್ಯನನ್ನು ಕರೆದು ನನ್ನ ಟಿಕೆಟ್ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ. ಮೂವತ್ತು ವರ್ಷ, ಒಲೆ, ಸೌದೆ, ಮನೆ ತುಂಬ ಜನ, ಹಂಡೆಯ ತಳದ ನೀರು. ಅವನಿಗೆ ಎಷ್ಟು ಅರ್ಥವಾಯಿತೋ. ಕೇಳಿ ಮುಗಿಸಿ ಅವನು ತನ್ನ ಜನರ ಕಡೆ ತಿರುಗಿ ಅವರ ಭಾಷೆಯಲ್ಲಿ ಏನೋ ಹೇಳಲು ಶುರುಮಾಡಿದ. ಅವರು ಕೇಳುತ್ತಿದ್ದರೇ ಹೊರತು ಯಾರೂ ಏಳಲಿಲ್ಲ. ಬಿಸಿನೀರು ಬಿಟ್ಟು ಎದ್ದು ಬರಲು ಯಾರಿಗೆ ಮನಸ್ಸು ಬರುತ್ತದೆ?

ಆಗ ನನಗೆ ನನ್ನ ಕಸುಬು ನೆನಪಾಯಿತು. ಬಸ್ಸಿನ ಮೈ ತಟ್ಟುವ ಹಾಗೆ ಬಂಡೆಯನ್ನು ಪಟಪಟನೆ ತಟ್ಟಿ, ಹನೂರು ಬಸ್ ಸ್ಟ್ಯಾಂಡಿನ ಗಂಟಲಿನಲ್ಲಿ, "ಕೊನೇ ಸ್ಟಾಪ್! ಎಲ್ಲಾರೂ ಇಳೀರಿ! ಬೇಗ ಬೇಗ ಇಳೀರಿ, ಗಾಡಿ ಮುಂದಕ್ಕೆ ಓಗಲ್ಲ!" ಎಂದು ಕೂಗಿದೆ. ಭಾಷೆ ಯಾವುದಾದರೇನು, ಆ ದನಿಗೆ ಏಳದ ಪ್ರಯಾಣಿಕ ಇಲ್ಲ. ಕೆಂಪಯ್ಯ ಹೊಟ್ಟೆ ಹಿಡಿದುಕೊಂಡು ನಗುತ್ತ ಮೊದಲು ಎದ್ದ. ಉಳಿದವರೂ ಎದ್ದು ತಮ್ಮ ಕಂಬಳಿ ಸುತ್ತಿಕೊಂಡು ಹೊರಗೆ ಬಂದರು.

ದೀದಿ ಅಕ್ಕನ ಕೈ ಹಿಡಿದು ಹೆಚ್ಚುಕಡಿಮೆ ಎಳೆದುಕೊಂಡೇ ಬಂದಳು. ಅವಳ ಇನ್ನೊಂದು ಕೈಯಲ್ಲಿ ಸಾಸಿವೆ ಎಣ್ಣೆಯ ಬಟ್ಟಲಿತ್ತು. ಕೆಂಪಯ್ಯ ತನ್ನವರನ್ನೆಲ್ಲ ಹೊಂಡಕ್ಕೆ ಬೆನ್ನು ಮಾಡಿ, ತೋಳಿಗೆ ತೋಳು ತಾಗಿಸಿ, ಸುತ್ತ ಗೋಡೆಯ ಹಾಗೆ ನಿಲ್ಲಿಸಿದ. ಕಂಬಳಿ ಹೊದ್ದ ಹತ್ತು ಹನ್ನೆರಡು ಬೆನ್ನು.

ಅಕ್ಕ ಹೊಂಡದ ಅಂಚಿನಲ್ಲಿ ನಿಂತಳೇ ಹೊರತು ಇಳಿಯಲಿಲ್ಲ. ಕೈ ಅದ್ದಲು ಹೋದವಳು ಹಿಂದಕ್ಕೆ ಎಳೆದುಕೊಂಡಳು. "ನಂಗೆ ಗೊತ್ತಾಗಕಿಲ್ಲ ಕಣ್ಲಾ. ನೀನೇ ನೋಡೇಳು" ಎಂದಳು.

ನಾನು ಮೊಣಕೈ ಅದ್ದಿ ನೋಡಿದೆ. "ಹದವಾಗದೆ ಅಕ್ಕ, ಇಳಿ" ಎಂದು ಹೇಳಿ, ನಾನೂ ಹೋಗಿ ಆ ಸಾಲಿನಲ್ಲಿ ಬೆನ್ನು ಮಾಡಿ ನಿಂತೆ. ದೀದಿ ಅವಳ ನೆತ್ತಿಗೆ ಎಣ್ಣೆ ತಟ್ಟುವ ಸದ್ದು ಕೇಳಿತು. ಆಮೇಲೆ ಸೀರೆ ನೀರಿಗಿಳಿದ ಸದ್ದು. ಆಮೇಲೆ ಬಹಳ ಹೊತ್ತು ನದಿಯ ಸದ್ದು ಬಿಟ್ಟರೆ ಏನೂ ಇಲ್ಲ.

"ಅಕ್ಕ?" ಎಂದೆ.

"ಬೆನ್ನಿಗೆ ಗೊತ್ತಾಯ್ತದೆ ಕಣ್ಲಾ" ಎಂದಳು. "ಹೆಗಲಿಗೂ ಗೊತ್ತಾಯ್ತದೆ. ಬಿಸಿ ಅದೆ."

ಹೊತ್ತು ಏರುತ್ತಿತ್ತು. ನದಿಯ ಗಾಳಿಗೆ ಬಿಳಿಯರು ಗಡಗಡ ನಡುಗುತ್ತಿದ್ದರು. ಪಕ್ಕದಲ್ಲಿದ್ದ ಕೆಂಪಯ್ಯನ ಗಡ್ಡವೂ ನಡುಗುತ್ತಿತ್ತು. ಆದರೂ ಒಬ್ಬರೂ ತಿರುಗಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ನೀರು ಕದಡಿದ ಸದ್ದಾಯಿತು. ಅಕ್ಕ ಅವಸರವಾಗಿ ಏಳುತ್ತಿದ್ದಳು.

"ಏನಾಯ್ತಕ್ಕ?"

"ಇಷ್ಟೊಂದು ಜನ ಇನ್ನೂ ಮೀಯೋರು ಅವ್ರೆ ಕಣ್ಲಾ. ನಾನು ಕುಂತ್ಕಂಡ್ರೆ ಅವ್ರಿಗೆ ನೀರು ಮುಗಿದೋಯ್ತದೆ."

"ಮುಗಿಯಕಿಲ್ಲ ಅಕ್ಕ. ಅದು ಬತ್ತಾನೇ ಇರ್ತದೆ."

"ನಾಳಿಕೂ?"

"ನಾಳಿಕೂ."

ಆಮೇಲೆ ಮತ್ತೆ ನೀರಿನಲ್ಲಿ ಕೂತ ಸದ್ದು ಕೇಳಿತು.

"ಅಂಗಾರೆ ಎಲ್ಲಾರ್ನೂ ಅಲ್ಲೇ ಕುಂತ್ಕಳಕ್ಕೇಳು" ಎಂದಳು ನನ್ನಕ್ಕ. "ನಾನು ಈಗ್ಲೇ ಏಳಕಿಲ್ಲ."